ಹನ್ನೆರಡೂವರೆಯ ಬಸ್ಸು

ಅಣ್ಣಿಗೇರಿ
೨೪ ಆಗಸ್ಟ್ ೧೯೮೬

ಪ್ರೀತಿಯ ಮಹಾದೇವಕ್ಕ,

ಕಾಗದದ ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮವೆಂದು ಬರೆಯಬೇಕು. ಆ ಸುಳ್ಳನ್ನು ಬಿಟ್ಟು ಶುರುಮಾಡುತ್ತೇನೆ. ನನ್ನನ್ನು ಕೆಲಸದಿಂದ ಅಮಾನತು ಮಾಡಿದ ಆದೇಶ ನಿನ್ನೆ ಕೈಸೇರಿತು. ಆರು ವರ್ಷ ಹೊಸಬಾವಿಯಲ್ಲಿ ನರ್ಸಬಾಯಿ ಎನ್ನಿಸಿಕೊಂಡು, ನಿನ್ನ ಗೋಡೆಗೆ ಗೋಡೆ ಹಚ್ಚಿ ಬಾಳಿದವಳು ಈಗ ಅಪ್ಪನ ಮನೆಯ ಪಡಸಾಲೆಯಲ್ಲಿ ಕೂತು, ಬಂದಬಂದವರಿಗೆಲ್ಲ ‘ಸೂಟಿ ಮ್ಯಾಲ ಬಂದೇನ್ರಿ’ ಎಂದು ಹೇಳುತ್ತಿದ್ದೇನೆ.

ದೂರು ಕೊಟ್ಟವನು ಕುಬೇರಪ್ಪ. ಅವನ ಸೊಸೆ ಫಕೀರವ್ವನ ಕೂಸು ಸತ್ತದ್ದು ನನ್ನ ಅಲಕ್ಷ್ಯದಿಂದಂತೆ. ಎಂಥ ಬಾಯಿ ನೋಡು! ಬೆಳಗಿನ ಐದರಿಂದ ಬ್ಯಾನೆ ತಿನ್ನುತ್ತಿದ್ದ ಹುಡುಗಿಯನ್ನು ಹನ್ನೊಂದೂವರೆಯವರೆಗೆ ‘ನೋಡೂಣು, ನೋಡೂಣು’ ಎಂದು ಮನೆಯಲ್ಲೇ ಇಟ್ಟುಕೊಂಡವರು ಅವರು. ನನ್ನನ್ನು ಕರೆದಾಗ ಕೂಸು ಅಡ್ಡ ಬಿದ್ದು ಒಂದು ಕೈ ಹೊರಗೆ ಬಂದಿತ್ತು. ಅದು ಹಳ್ಳಿಯ ಕೋಣೆಯಲ್ಲಿ ಆಗುವ ಹೆರಿಗೆಯಲ್ಲ. ಅವಳನ್ನು ಬಸ್ಸಿನಲ್ಲಿ ಕೂಡಿಸುವ ಹಾಗೂ ಇರಲಿಲ್ಲ. ದವಾಖಾನೆಯ ಜೀಪು ಬರಬೇಕಿತ್ತು. ಊರಿನಲ್ಲಿ ಫೋನಿಲ್ಲ. ಚೀಟಿ ಬರೆದೆ. ಆ ಮನೆಯವರ ಕೈಗೆ ಕೊಡಲು ಧೈರ್ಯವಾಗದೆ ನಾನೇ ಶಾಲೆಗೆ ಓಡಿ ಬಂದು ನಿನ್ನ ಕೈಯಲ್ಲಿಟ್ಟೆ. ‘ಅಕ್ಕಾ, ಹನ್ನೆರಡೂವರಿ ಬಸ್ಸಿಗೆ ಕಂಡಕ್ಟರನ ಕೈಯಾಗ ಕೊಡು’ ಅಂದೆ. ‘ಕೊಡತೇನಿ, ನೀ ಹೋಗು’ ಅಂದಿ ನೀನು. ಆಗ ನಿಮ್ಮ ಶಾಲೆಯ ಗಡಿಯಾರ ಹನ್ನೆರಡು ತೋರಿಸುತ್ತಿತ್ತು.

ಜೀಪು ಬಂದದ್ದು ಐದಕ್ಕೆ. ದವಾಖಾನೆ ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು. ತಾಯಿ ಉಳಿದದ್ದೇ ದೊಡ್ಡದು.

ಈಗ ಇಲಾಖೆಯವರು ಹೇಳುವುದು ಇಷ್ಟು: ಚೀಟಿ ಮುಟ್ಟಿದ್ದು ನಾಲ್ಕೂ ಕಾಲಿಗೆ ಎಂದು ದವಾಖಾನೆಯ ಪುಸ್ತಕದಲ್ಲಿದೆ. ಅಂದರೆ ನಾನು ಮಧ್ಯಾಹ್ನ ಮೂರರವರೆಗೆ ಸುಮ್ಮನೆ ಕೂತಿದ್ದೆನಂತೆ. ಚೀಟಿಯ ಮೇಲೆ ವೇಳೆ ಯಾಕೆ ಬರೆದಿಲ್ಲವೆಂದು ಕೇಳಿದ್ದಾರೆ. ಕೂಸಿನ ಕೈ ಹೊರಗೆ ಕಂಡಾಗ ನಾನು ಗಡಿಯಾರ ನೋಡಬೇಕಿತ್ತಂತೆ!

ನಿನ್ನಿಂದ ನನಗೆ ಬೇಕಾದ್ದು ಒಂದು ಪುಟ. ಚೀಟಿ ನಿನ್ನ ಕೈಗೆ ಎಷ್ಟು ಹೊತ್ತಿಗೆ ಬಂತು, ನೀನು ಯಾವ ಬಸ್ಸಿಗೆ ಕೊಟ್ಟೆ ಎಂದು ಬರೆದು ಸಹಿ ಮಾಡು. ನಾಲ್ಕು ಸಾಲು ಸಾಕು. ಸೆಪ್ಟೆಂಬರ್ ಮುಗಿಯುವುದರೊಳಗೆ ನಾನು ಉತ್ತರ ಕೊಡಬೇಕು. ಬಿಳಿ ಹಾಳೆ, ಟಪಾಲಿನ ಟಿಕೇಟು ಹಚ್ಚಿದ ಪಾಕೀಟು ಎರಡೂ ಇದರಲ್ಲಿವೆ.

ನಿನ್ನ ತಂಗಿ
ಖಾಸಿಂಬಿ


ಹೊಸಬಾವಿ
೬ ಸೆಪ್ಟೆಂಬರ್ ೧೯೮೬

ಪ್ರೀತಿಯ ಖಾಸಿಂಬಿ,

ನಿನ್ನ ಕಾಗದ ಓದಿ ಅತ್ತೆ. ಶಾಲೆಯಲ್ಲಿ ಪಾಠ ಮಾಡಲಿಕ್ಕೆ ಮನಸ್ಸಾಗಲಿಲ್ಲ. ನಿನ್ನಂಥವಳಿಗೆ ಇಂಥದ್ದು ಬರಬಾರದಾಗಿತ್ತು.

ಖಂಡಿತ ಬರೆಯುತ್ತೇನೆ. ಅದು ನನ್ನ ಕರ್ತವ್ಯ. ಆದರೆ ಇಂಥದ್ದನ್ನು ಗಡಿಬಿಡಿಯಲ್ಲಿ ಬರೆಯಬಾರದು. ಒಂದು ಅಕ್ಷರ ಆಚೀಚೆಯಾದರೆ ನಿನಗೇ ತೊಂದರೆ. ಗಣಪತಿ ಹಬ್ಬ ಮುಗಿಯಲಿ, ಮುಂದಿನ ಭಾನುವಾರ ತಲೆ ತಣ್ಣಗಿಟ್ಟುಕೊಂಡು ಕೂತು ಬರೆಯುತ್ತೇನೆ.

ನಿನ್ನ ಕೋಣೆಯ ಮುಂದೆ ನೀನು ಹಚ್ಚಿದ ಕರಿಬೇವಿಗೆ ದಿನಾ ನೀರು ಹಾಕುತ್ತಿದ್ದೇನೆ. ಚಿಗುರಿದೆ.

ನಿನ್ನ ಅಕ್ಕ
ಮಹಾದೇವಕ್ಕ


ಅಣ್ಣಿಗೇರಿ
೨೯ ಸೆಪ್ಟೆಂಬರ್ ೧೯೮೬

ಮಹಾದೇವಕ್ಕ,

ಗಣಪತಿ ಹೋಗಿ ಮೂರು ಭಾನುವಾರ ಆದವು. ನಿನ್ನ ಪಾಕೀಟು ಬರಲಿಲ್ಲ. ಇಲಾಖೆಯ ಸಾಹೇಬರ ಕೈಕಾಲು ಬಿದ್ದು ಅಕ್ಟೋಬರ್ ಕೊನೆಯವರೆಗೆ ಮುದ್ದತು ಕೇಳಿಕೊಂಡು ಬಂದಿದ್ದೇನೆ. ‘ಸಾಕ್ಷಿ ಅದಾರ ಅಂತೀರಿ, ಎಲ್ಲೆ ಅದಾರ?’ ಎಂದು ಗುಮಾಸ್ತ ನಕ್ಕ.

ಕುಬೇರಪ್ಪನ ಹೆದರಿಕೆಯೇ ನಿನಗೆ? ಇದ್ದರೆ ಇದೆಯೆಂದು ಬರೆ, ನಾನು ತಪ್ಪು ತಿಳಿಯುವುದಿಲ್ಲ. ಒಬ್ಬಂಟಿಯಾಗಿ ಆ ಊರಿನಲ್ಲಿ ಇರುವವಳು ನೀನು. ಹೆಡ್ ಮಾಸ್ತರ ಈರಪ್ಪನವರು ಬೇಡ ಅಂದರೇನು? ಅದನ್ನಾದರೂ ಬರೆ. ‘ಆಗುವುದಿಲ್ಲ’ ಎಂದು ಒಂದು ಕಾರ್ಡು ಹಾಕಿದರೂ ನಾನು ಬೇರೆ ದಾರಿ ಹುಡುಕುತ್ತೇನೆ. ಹೂಂ ಅಂದು ಕೂತರೆ ನಾನು ಯಾವ ಕಡೆ ತಿರುಗಲಿ?

ಬರೆಯಲು ಏನು ಅಷ್ಟು ಕಷ್ಟ? ನನ್ನ ಕಡೆಯಿಂದ ನಾಲ್ಕು ಸಾಲು ನಾನೇ ಬರೆದು ಕಳಿಸಿದ್ದೇನೆ. ಸರಿ ಅನ್ನಿಸಿದರೆ ಸಹಿ ಮಾಡು, ಸಾಕು.

ಖಾಸಿಂಬಿ


ಹೊಸಬಾವಿ
೨೧ ಅಕ್ಟೋಬರ್ ೧೯೮೬

ಪ್ರೀತಿಯ ಖಾಸಿಂಬಿ,

ಯಾರ ಹೆದರಿಕೆಯೂ ಇಲ್ಲ, ಯಾರೂ ಬೇಡ ಅಂದಿಲ್ಲ. ಹಾಗೆ ತಿಳಿಯಬೇಡ. ದಸರೆಯ ಮುಂಚೆ ಮಕ್ಕಳ ಅರ್ಧವರ್ಷದ ಸಹಾಮಾಹಿ ಪರೀಕ್ಷೆ, ಆಮೇಲೆ ಅವ್ವನ ಮೈಯಲ್ಲಿ ಆರಾಮಿಲ್ಲವೆಂದು ಮೊರಬಕ್ಕೆ ಹೋಗಿದ್ದೆ. ನೀನು ಬರೆದು ಕಳಿಸಿದ್ದಕ್ಕೆ ಹಾಗೆಯೇ ಸಹಿ ಮಾಡುವುದು ಸರಿಯಲ್ಲ, ನನ್ನ ಮಾತಿನಲ್ಲೇ ಇರಬೇಕು. ಅರ್ಧ ಬರೆದಿದ್ದೇನೆ. ಉಳಿದರ್ಧ ಈ ವಾರ ಆಗುತ್ತದೆ.

ನಮ್ಮೂರ ಮಶಾಕಸಾಬ ಅಣ್ಣಿಗೇರಿ ಸಂತೆಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಅಗಸಿ ಚಟ್ನಿ ಕಳಿಸಿದ್ದೇನೆ. ನಿನಗೆ ಸೇರುತ್ತದೆಂದು ಬೆಳ್ಳುಳ್ಳಿ ಜಾಸ್ತಿ ಹಾಕಿದ್ದೇನೆ.

ನಿನ್ನ ಅಕ್ಕ
ಮಹಾದೇವಕ್ಕ


ಅಣ್ಣಿಗೇರಿ
೯ ನವೆಂಬರ್ ೧೯೮೬

ಮಹಾದೇವಕ್ಕ,

ನಾನು ಕೇಳಿದ್ದು ಒಂದು ಪುಟ. ನೀನು ಕಳಿಸಿದ್ದು ಚಟ್ನಿ. ಡಬ್ಬಿಯ ಮುಚ್ಚಳ ತೆಗೆದು, ತಳದಲ್ಲಿ ಕಾಗದ ಇಟ್ಟಿದ್ದೀಯೇನೋ ಎಂದು ಚಮಚ ಹಾಕಿ ಕೆದಕಿ ನೋಡಿದೆ. ನಾನು ಯಾವ ಗತಿಗೆ ಬಂದಿದ್ದೇನೆ ನೋಡು.

ಈ ಓಣಿಯಲ್ಲಿ ಹನ್ನೊಂದೂವರೆಗೆ ಟಪಾಲಿನವ ಬರುತ್ತಾನೆ. ಹತ್ತಕ್ಕೇ ನಾನು ಬಾಗಿಲಲ್ಲಿ ಕೂತಿರುತ್ತೇನೆ. ಅವನು ನಮ್ಮ ಮನೆ ದಾಟಿ ಹೋದ ಮೇಲೆ ಅಡುಗೆಮನೆಗೆ ಹೋಗಿ ಸುಮ್ಮನೆ ನಿಲ್ಲುತ್ತೇನೆ. ಯಾಕೆ ಹೋದೆ ಎಂದು ನೆನಪಾಗುವುದಿಲ್ಲ. ಅನ್ನ ಎರಡು ಸಲ ಸೀದಿತು. ಮೊನ್ನೆ ಚಿಕ್ಕಮ್ಮ ಮರಿಯಮಬಿ ಅಂದಳು: ‘ಅವರು ಅವರ ಮಂದೀನ ಬಿಟ್ಟು ನಮಗ್ಯಾಕ ಸಾಕ್ಷಿ ಹೇಳತಾರ ಬೇ?’ ನಾನು ಅವಳ ಮೇಲೆ ಹರಿಹಾಯ್ದೆ. ‘ನಮ್ಮ ಅಕ್ಕ ಅಂಥಾಕಿ ಅಲ್ಲ’ ಅಂದೆ. ಆರು ವರ್ಷ ಒಂದೇ ಬಾವಿಯ ನೀರು ಕುಡಿದವರು ಎಂದೆ. ಚಿಕ್ಕಮ್ಮ ಎದ್ದು ಹೋದಳು, ಇನ್ನೂ ಮಾತಾಡಿಲ್ಲ. ನಿನ್ನ ಪರವಾಗಿ ನಾನು ನನ್ನವರ ಜೊತೆ ಜಗಳಾಡುತ್ತೇನೆ. ನನ್ನ ಪರವಾಗಿ ನೀನು ಪೆನ್ನು ಎತ್ತುವುದಿಲ್ಲ.

ಅರ್ಧ ಬರೆದಿದ್ದೇನೆ ಎಂದಿದ್ದೀ. ನಾಲ್ಕು ಸಾಲಿನ ಅರ್ಧ ಎರಡು ಸಾಲು. ಆ ಎರಡು ಸಾಲನ್ನೇ ಕಳಿಸು.

ಜನವರಿ ಇಪ್ಪತ್ತಕ್ಕೆ ಧಾರವಾಡದಲ್ಲಿ ವಿಚಾರಣೆ ಇಟ್ಟಿದ್ದಾರೆ. ಕಂಡಕ್ಟರ್ ಮಡಿವಾಳೆಪ್ಪನನ್ನೂ ಕರೆಸಿರಿ ಎಂದು ನಾನೇ ಅರ್ಜಿ ಕೊಟ್ಟಿದ್ದೇನೆ. ಚೀಟಿಯನ್ನು ದಾರಿಯಲ್ಲಿ ತಡೆದಿಟ್ಟವರು ಯಾರೆಂದು ಎಲ್ಲರೆದುರು ಗೊತ್ತಾಗಲಿ.

ಖಾಸಿಂಬಿ


ಅಣ್ಣಿಗೇರಿ
೬ ಡಿಸೆಂಬರ್ ೧೯೮೬

ಅಕ್ಕೋರಿಗೆ ದಾವೂದಸಾಬನ ಸಲಾಮು.

ನಾನು ಖಾಸಿಂಬಿಯ ತಂದಿ. ಈ ಕಾರ್ಡು ಬರದದ್ದು ಆಕಿಗೆ ಗೊತ್ತಿಲ್ರಿ. ನನ್ನ ಅಕ್ಷರ ಚಂದ ಇಲ್ಲ, ಸಂಬಾಳಿಸಿ ಓದ್ಕೋರಿ.

ಮಗಳು ಊಟ ಬಿಟ್ಟಾಳ. ಹೊಲಿಗಿ ಹಾಕಾಕ ಕೂತ್ರ ಸೂಜಿ ಹಿಡಕೊಂಡು ಹಂಗ ಕುಂದರತಾಳ. ನಾನು ಮೂವತ್ತೊಂದು ವರ್ಷ ರೇಲ್ವೆದಾಗ ಹಳಿ ಕಾಯ್ದವ. ಗಾಡಿ ತಡ ಆದ್ರ ನಮ್ಮ ಟೇಶನ್ನದಾಗ ಹಲಗಿ ಮ್ಯಾಲ ಬರೀತಾರ, ಒಂದು ತಾಸು ತಡ, ಎರಡು ತಾಸು ತಡ ಅಂತ. ಗಾಡಿನ ಬರೂದಿಲ್ಲಂದ್ರ ಅದನ್ನೂ ಬರೀತಾರ. ಮಂದಿ ಬೈಕೋತ ಮನಿಗೆ ಹೋಗತಾರ. ನೀವು ಅಷ್ಟೂ ಮಾಡಲಿಲ್ರಿ. ನನ್ನ ಮಗಳನ್ನ ಹಲಗಿ ಮುಂದ ನಿಂದರಿಸಿ ಹೋಗೀರಿ.

ಕಲಿತವರು ನೀವು. ಹೆಚ್ಚು ಬರಿಯೂದಿಲ್ಲ.

ದಾವೂದಸಾಬ


ಹೊಸಬಾವಿ
೨೭ ಡಿಸೆಂಬರ್ ೧೯೮೬

ಖಾಸಿಂಬಿ,

ಮತದಾರರ ಯಾದಿಯ ಕೆಲಸ ನಮ್ಮ ತಲೆಗೆ ಕಟ್ಟಿದ್ದಾರೆ, ಬಿಡುವಿಲ್ಲ. ಬರೆದು ಕಳಿಸುವುದಕ್ಕಿಂತ ನಾನೇ ಇಪ್ಪತ್ತನೆಯ ತಾರೀಖು ಬಂದು ಸಾಹೇಬರೆದುರು ಹೇಳುತ್ತೇನೆ. ಅದೇ ಗಟ್ಟಿ. ಖಂಡಿತ ಬರುತ್ತೇನೆ. ನಿಮ್ಮ ಅಪ್ಪಾಜಿಗೆ ಹೇಳು.

ಮಹಾದೇವಕ್ಕ


ಅಣ್ಣಿಗೇರಿ
೨೧ ಜನವರಿ ೧೯೮೭

ಹೊಸಬಾವಿ ಶಾಲೆಯ ಅಕ್ಕೋರಿಗೆ,

ಇನ್ನು ಮೇಲೆ ನಿಮ್ಮನ್ನು ಹೀಗೆಯೇ ಕರೆಯುತ್ತೇನೆ.

ನಿನ್ನೆ ಹತ್ತೂವರೆಗೆ ಕಚೇರಿ ಮುಟ್ಟಿದೆವು. ನಾನು, ಅಪ್ಪ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಬಾಜೂಕಿನ ಖುರ್ಚಿಯ ಮೇಲೆ ತನ್ನ ಟೋಪಿ ಇಟ್ಟು, ‘ಇದು ಅಕ್ಕೋರಿಗೆ’ ಎಂದು ಹಿಡಿದಿಟ್ಟ. ಬಂದವರೆಲ್ಲ ಅದರ ಮೇಲೆ ಕೂಡಲು ನೋಡಿದರು. ಅಪ್ಪ ಯಾರನ್ನೂ ಬಿಡಲಿಲ್ಲ. ಹನ್ನೆರಡರವರೆಗೆ ಆ ಖುರ್ಚಿಯ ಮೇಲೆ ಟೋಪಿಯೇ ಕೂತಿತ್ತು.

ಆಮೇಲೆ ಮಡಿವಾಳೆಪ್ಪನನ್ನು ಕರೆದರು. ಸಾಹೇಬರು ಕೇಳಿದರು, ‘ಚೀಟಿ ಯಾವ ಬಸ್ಸಿಗೆ ಕೊಟ್ರು?’

‘ಮೂರೂವರಿ ಬಸ್ಸಿಗೆ ಸಾಹೇಬ್ರ.’

ನನಗೆ ಕೇಳಿಸಿದ್ದು ತಪ್ಪೇನೋ ಅನ್ನಿಸಿತು. ಎದ್ದು ನಿಂತು ಕೂಗಿದೆ, ‘ಸುಳ್ಳು ಹೇಳಬ್ಯಾಡ ಮಡಿವಾಳೆಪ್ಪ, ಹನ್ನೆರಡೂವರಿದು!’

ಪಾಪ, ಅವನ ಮುಖ ಸಣ್ಣದಾಯಿತು. ‘ಹನ್ನೆರಡೂವರಿಗೂ ನಂದ ಡ್ಯೂಟಿರಿ ಬಾಯಾರ. ಆವಾಗ ಯಾರೂ ಬಂದಿಲ್ರಿ. ಮೂರೂವರಿಗೆ ಅಕ್ಕೋರು ಓಡಿ ಬಂದು ಕೊಟ್ರು. ದೇವರಾಣಿ. ಜಲ್ದಿ ಮುಟ್ಟಸಪಾ ಅಂತ ಅಳಾಕತ್ತಿದ್ರು.’

ನಾನೇ ಅರ್ಜಿ ಕೊಟ್ಟು ಕರೆಸಿದ ಸಾಕ್ಷಿ ನನ್ನನ್ನು ಮುಗಿಸಿ ಹೋದ. ಸಾಹೇಬರು ಪೆನ್ನಿನ ಟೊಪ್ಪಿಗೆ ಹಾಕಿದರು. ‘ಅಂದ್ರ ನೀವು ಚೀಟಿ ಬರದದ್ದ ಮೂರಕ್ಕ. ಹೌದಲ್ಲ?’ ಅಂದರು. ಏನು ಹೇಳಲಿ?

ಮೂರು ತಾಸು, ಅಕ್ಕೋರೆ! ನನ್ನ ಚೀಟಿ ಮೂರು ತಾಸು ನಿಮ್ಮ ಹತ್ತಿರ ಇತ್ತು. ಆ ಮೂರು ತಾಸು ನಾನು ಆ ಕೋಣೆಯಲ್ಲಿ ಫಕೀರವ್ವನ ಕೈ ಹಿಡಿದುಕೊಂಡು ‘ಜೀಪು ಬಂತವಾ, ಹೊಂಟೈತಿ, ಈಗ ಬಂತು’ ಎಂದು ಹೇಳುತ್ತಿದ್ದೆ. ಅವಳು ನಂಬಿ ಹಲ್ಲು ಕಚ್ಚಿದಳು. ನನ್ನ ಬಾಯಿಯಿಂದ ಅವಳಿಗೆ ಅಷ್ಟು ಸುಳ್ಳು ಹೇಳಿಸಿದವರು ನೀವು. ಆ ಸಂಜೆ ನಾನು ‘ಕೊಟ್ಟಿಯೇನಕ್ಕಾ?’ ಎಂದು ಕೇಳಿದೆ. ‘ಕೊಟ್ಟೆ’ ಅಂದಿರಿ. ಯಾವಾಗ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ನಿಮ್ಮನ್ನು ಹಾಗೆ ಕೇಳಬೇಕೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಕುಬೇರಪ್ಪ ನನ್ನ ವೈರಿ. ಅವನು ಎದುರಿಗೆ ನಿಂತು ಹೊಡೆದ. ನೀವು ಬರೆಯುತ್ತೇನೆ, ಬರುತ್ತೇನೆ, ಖಂಡಿತ, ಖಂಡಿತ ಎಂದು ಐದು ತಿಂಗಳು ನನ್ನ ಕೈ ಹಿಡಿದು ನಿಲ್ಲಿಸಿದಿರಿ. ಅವನ ಪೆಟ್ಟು ತಪ್ಪಿಸಿಕೊಂಡು ನಾನು ಓಡಬಹುದಿತ್ತು.

ಮನೆಗೆ ಬಂದ ಮೇಲೆ ಅಪ್ಪ, ‘ಆಕಿಗೆ ಇನ್ನ ಕಾಗದ ಬರೀಬ್ಯಾಡ’ ಅಂದ. ಇದು ಕೊನೆಯದು.

ಖಾಸಿಂಬಿ ದಾವೂದಸಾಬ


ಹೊಸಬಾವಿ
೨೮ ಮಾರ್ಚ್ ೧೯೮೭

ಖಾಸಿಂಬಿ,

ನಿನ್ನ ಜನವರಿಯ ಕಾಗದವನ್ನು ನಾನು ಒಡೆದದ್ದು ಮಾರ್ಚ್ ಒಂಬತ್ತಕ್ಕೆ. ಅಲ್ಲಿಯವರೆಗೆ ಅದು ಶಾಲೆಯ ಕಪಾಟಿನಲ್ಲಿ ನಕಾಶೆಗಳ ಕೆಳಗಿತ್ತು. ಅಪ್ಪಾಜಿಯ ಕಾರ್ಡೂ ಅಲ್ಲೇ. ಕಾರ್ಡಿಗೆ ಮುಚ್ಚಳವಿಲ್ಲವಲ್ಲ, ಅದನ್ನು ಬೋರಲು ಹಾಕಿದ್ದೆ.

ನೀನು ಕೇಳಿದ ನಾಲ್ಕು ಸಾಲು ಮೊದಲು ಬರೆಯುತ್ತೇನೆ. ೧೯೮೬ ಆಗಸ್ಟ್ ೧೧ರಂದು ಹನ್ನೆರಡು ಗಂಟೆಗೆ ನರ್ಸಬಾಯಿ ಖಾಸಿಂಬಿ ನನ್ನ ಕೈಯಲ್ಲಿ ಚೀಟಿ ಕೊಟ್ಟಳು. ಹನ್ನೆರಡೂವರೆ ಬಸ್ಸಿಗೆ ಕೊಡಲು ಹೇಳಿದಳು. ನಾನು ಕೊಡಲಿಲ್ಲ. ಮೂರೂವರೆ ಬಸ್ಸಿಗೆ ಕೊಟ್ಟೆ.

ಅಂದು ಏನಾಯಿತೆಂದರೆ, ಮರುದಿನ ಇನ್ಸ್ಪೆಕ್ಟರರು ಬರುವವರಿದ್ದರು. ಹತ್ತು ದಿನದಿಂದ ಮುಂದೂಡುತ್ತ ಬಂದಿದ್ದ ಹಾಜರಿ ಪುಸ್ತಕ ನನ್ನ ಮುಂದಿತ್ತು. ಬಸ್ಸು ದಿನಾ ಹತ್ತು ನಿಮಿಷ ತಡ. ಈ ಒಂದು ಹಾಳೆ ಮುಗಿಸಿ ಏಳೋಣ ಎಂ‌ದುಕೊಂಡೆ. ಅವತ್ತು ಬಸ್ಸು ವೇಳೆಗೆ ಸರಿಯಾಗಿ ಬಂದು ಹೋಯಿತು. ನಾನು ಗೇಟಿಗೆ ಓಡಿದಾಗ ಅದರ ಬೆನ್ನು ಕಂಡಿತು. ಆಗಲೂ ದಾರಿಯಿತ್ತು. ಹೆಡ್ ಮಾಸ್ತರರ ಸೈಕಲ್ಲು ಗೋಡೆಗೆ ಒರಗಿತ್ತು. ಅವರಿಗೆ ಹೇಳಿದರೆ ಅವರೇ ಹೊರಡುತ್ತಿದ್ದರು. ಹೇಳಿದರೆ ನಾನು ಬಸ್ಸು ತಪ್ಪಿಸಿದ್ದು ಗೊತ್ತಾಗುತ್ತದೆ. ಇನ್ನೈದು ನಿಮಿಷ ಬಿಟ್ಟು ಹೇಳೋಣ, ಈ ಪಿರಿಯಡ್ಡು ಮುಗಿಯಲಿ ಎಂದು ಕೂತೆ. ಐದೈದು ನಿಮಿಷ ಕೂಡಿ ಮೂರೂವರೆಯಾಯಿತು. ಫಕೀರವ್ವನ ಮನೆಯ ಕಡೆಯಿಂದ ಯಾರಾದರೂ ಬಂದರೆ ಎದೆ ಒಡೆದಂತಾಗುತ್ತಿತ್ತು. ಆದರೂ ಏಳಲಿಲ್ಲ.

ನಿನ್ನ ಮೊದಲ ಕಾಗದ ಬಂದ ದಿನವೇ ಬರೆದಿದ್ದರೆ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ತಿಂಗಳಾದ ಮೇಲೆ, ತಿಂಗಳು ಯಾಕೆ ಬರೆಯಲಿಲ್ಲವೆಂಬುದನ್ನೂ ಬರೆಯಬೇಕಾಯಿತು. ದಿನ ಹೋದಂತೆ ಆ ಪುಟ ಬೆಳೆಯುತ್ತಲೇ ಹೋಯಿತು, ಎತ್ತಲಿಕ್ಕೆ ಆಗದಷ್ಟು ಭಾರವಾಯಿತು. ಶನಿವಾರ ಸಂಜೆ, ನಾಳೆ ಇಡೀ ದಿನ ನನ್ನದೇ ಎಂದು ಹಗುರಾಗಿ ಮಲಗುತ್ತಿದ್ದೆ. ಭಾನುವಾರ ಎದ್ದು ಬಿಳಿ ಹಾಳೆ ತೆಗೆದರೆ ಬೆರಳು ತಣ್ಣಗಾಗುತ್ತಿದ್ದವು. ಮೊದಲು ಕಸ ಗುಡಿಸಿಬಿಡೋಣ ಅನ್ನಿಸುತ್ತಿತ್ತು. ಆಮೇಲೆ ತಾಮ್ರದ ಕೊಡ. ಆಮೇಲೆ ಬೇಳೆ ಆರಿಸುವುದು. ನನ್ನ ಮನೆ ಎಂದೂ ಇಷ್ಟು ಸ್ವಚ್ಛ ಇದ್ದದ್ದಿಲ್ಲ, ಖಾಸಿಂಬಿ. ಬಂದವರೆಲ್ಲ ಹೊಗಳಿ ಹೋದರು.

ಆಮೇಲಾಮೇಲೆ ಮೈ ಕೆಟ್ಟಿತು. ಟಪಾಲಿನವ ಕಂಡರೆ ಹಿತ್ತಲಿಗೆ ಹೋಗುತ್ತಿದ್ದೆ. ಬಾಚಿದರೆ ಕೂದಲು ಕೈತುಂಬ ಬರುತ್ತಿತ್ತು. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ವಿಚಾರಣೆಯ ದಿನ ಸೀರೆ ಉಟ್ಟು, ಚೀಲ ಹಿಡಿದು ಬಸ್ ಸ್ಟಾಪಿಗೆ ಹೋಗಿ ನಿಂತಿದ್ದೆ. ಬಸ್ಸು ಬಂತು. ಮಡಿವಾಳೆಪ್ಪನ ಬದಲಿಗೆ ಬೇರೆ ಕಂಡಕ್ಟರ್ ಇದ್ದ. ‘ಹತ್ತರಿ ಅಕ್ಕೋರ’ ಅಂದ. ‘ಮುಂದಿನ ಬಸ್ಸಿಗೆ ಬರತೇನಿ’ ಅಂದೆ. ನಾನು ಅಂದ ಮಾತು ನನ್ನ ಕಿವಿಗೇ ಬಿದ್ದು ಮನೆಯ ಕಡೆ ತಿರುಗಿ ನಡೆದೆ.

ಮಾರ್ಚ್ ಮೊದಲ ವಾರ, ಮಕ್ಕಳ ಮುಂದೆ ಬೋರ್ಡಿನ ಮೇಲೆ ತಾರೀಖು ಬರೆಯಲು ಹೋಗಿ ಸೀಮೆಸುಣ್ಣದ ಖಡು ಕೈಜಾರಿ ಬಿತ್ತು. ಅಳು ತಡೆಯಲಿಲ್ಲ. ಈರಪ್ಪ ಮಾಸ್ತರರು ಹುಡುಗರನ್ನು ಹೊರಗೆ ಕಳಿಸಿ, ‘ಅಕ್ಕೋರ, ಹುಬ್ಬಳ್ಳಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸ್ರಿ’ ಅಂದರು. ಹೋಗುವ ಹಿಂದಿನ ದಿನ ನಿನ್ನ ಪಾಕೀಟು ಒಡೆದು ಓದಿದೆ. ಟೋಪಿಯ ಮಾತು ಓದಿದ ಮೇಲೆ ಬಹಳ ಹೊತ್ತು ಏನೂ ಕಾಣಲಿಲ್ಲ.

ಡಾಕ್ಟರ್ ವಯಸ್ಸಾದವರು. ಏನು ತ್ರಾಸು ಎಂದು ಕೇಳಿದ್ದೇ ತಡ, ನಾನು ಎಲ್ಲ ಹೇಳಿಬಿಟ್ಟೆ. ಅವರು ಕೇಳಿ ಮುಗಿಸಿ, ‘ನಿದ್ದಿ ಗುಳಿಗಿ ಕೊಡತೇನಿ. ಆದ್ರ ಆ ಗುಳಿಗಿ ಹೋಗಿ ನಿಮ್ಮ ಮಾತು ಹೇಳೂದಿಲ್ಲ’ ಅಂದರು. ‘ಬರೀಲಿಕ್ಕೆ ಆಗವಲ್ದು ಅಂದ್ರ ಬರೀಬ್ಯಾಡ್ರಿ. ನನಗ ಹೆಂಗ ಹೇಳಿದ್ರಿ, ಹಂಗ ಅವರ ಮುಂದ ಹೇಳ್ರಿ. ಮನಿಗೆ ಹೋಗಿ ವಿಚಾರ ಮಾಡಬ್ಯಾಡ್ರಿ. ಇಲ್ಲಿಂದ ಸೀದಾ ಧಾರವಾಡದ ಬಸ್ಸು ಹತ್ತರಿ.’

ಹತ್ತಿದೆ. ಕಚೇರಿಯಲ್ಲಿ ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದರು. ಕೇಳಿ ನನಗೆ ಸಂತೋಷವಾಯಿತು, ನಾಳೆ ಬರಬಹುದಲ್ಲ ಎಂದು. ಆ ಸಂತೋಷ ಕಂಡು ನನ್ನ ಮೇಲೆ ನನಗೇ ಹೇಸಿಕೆ ಬಂತು. ಕೂತೆ. ಎರಡು ಸಲ ಎದ್ದು ಮೆಟ್ಟಿಲವರೆಗೆ ಹೋಗಿ ಬಂದೆ. ನಾಲ್ಕಕ್ಕೆ ಒಳಗೆ ಕರೆದರು. ನಾನು ಹೇಳಿದೆ, ಗುಮಾಸ್ತ ಬರೆದುಕೊಂಡ, ನಾನು ಸಹಿ ಮಾಡಿದೆ. ಇಷ್ಟಕ್ಕೆ ಹತ್ತು ನಿಮಿಷ ಹಿಡಿಯಿತು. ಏಳು ತಿಂಗಳು ನಾನು ಹೆದರಿದ್ದು ಆ ಹತ್ತು ನಿಮಿಷಕ್ಕೆ.

ಅದನ್ನು ನಿನಗೆ ಅಂದೇ ತಿಳಿಸಬೇಕಿತ್ತು. ಹದಿನೆಂಟು ದಿನ ಮಾಡಿದೆ. ನನಗೂ ನೋಟೀಸು ಬಂದಿದೆ, ಬರಲಿ. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ನಿನ್ನ ಮನಸ್ಸಿಗೆ ಯಾವಾಗ ಬರುತ್ತದೋ ಆಗ ಉತ್ತರ ಬರೆ. ಅವಸರವಿಲ್ಲ.

ಮಹಾದೇವಕ್ಕ


ಅಣ್ಣಿಗೇರಿ
೧ ಏಪ್ರಿಲ್ ೧೯೮೭

ಮಹಾದೇವಕ್ಕ,

ನಿನ್ನ ಕಾಗದ ಹನ್ನೊಂದೂವರೆಗೆ ಬಂತು. ಈಗ ಹನ್ನೆರಡೂ ಹತ್ತು. ಅವಸರವಿಲ್ಲ ಎಂದು ಬರೆದಿದ್ದೀ. ನನಗೆ ಅವಸರವಿದೆ. ಟಪಾಲಿನವನ ದಾರಿ ಕಾಯುವ ಶಿಕ್ಷೆ ಏನೆಂದು ನನಗೆ ಗೊತ್ತು. ಅದನ್ನು ನಾನು ಯಾರಿಗೂ ಕೊಡುವುದಿಲ್ಲ, ನಿನಗೂ.

ಕ್ಷಮಿಸಿಲ್ಲ. ಇದು ಇವತ್ತಿನ ಉತ್ತರ. ನಾಳೆ ಬೇರೆಯಾದರೆ ನಾಳೆಯೇ ಬರೆಯುತ್ತೇನೆ.

ನನ್ನನ್ನು ಕೆಲಸಕ್ಕೆ ತಿರುಗಿ ತೆಗೆದುಕೊಂಡ ಆದೇಶ ಮೊನ್ನೆ ಬಂದಿದೆ. ಯಾಕೆಂದು ತಿಳಿದಿರಲಿಲ್ಲ, ಈಗ ತಿಳಿಯಿತು. ಕಲಘಟಗಿ ಕಡೆಯ ಒಂದು ಹಳ್ಳಿಗೆ ಹಾಕಿದ್ದಾರೆ. ಚೀಟಿಯ ಮೇಲೆ ವೇಳೆ ಬರೆಯದ್ದಕ್ಕೆ ನನಗೆ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಏನೋ ಒಂದು ತಪ್ಪು ನನ್ನ ತಲೆಗೆ ಕಟ್ಟದೆ ಅವರಿಗೆ ಸಮಾಧಾನವಿಲ್ಲ.

ನಿನ್ನ ಬ್ಯಾನೆಯನ್ನು ಓದಿದೆ. ನಂಬಿದೆ. ಬಸ್ ಸ್ಟಾಪಿನಲ್ಲಿ ನಿಂತ ಮಾತು ಓದಿ ಕಣ್ಣಲ್ಲಿ ನೀರೂ ಬಂತು, ಆಮೇಲೆ ಆ ಕಣ್ಣೀರಿನ ಮೇಲೆಯೇ ಸಿಟ್ಟು ಬಂತು. ಆರು ಹಾಳೆ ಬರೆದಿದ್ದೀ, ಅಕ್ಕಾ. ನಿನ್ನ ಬೆರಳು, ನಿನ್ನ ಕೂದಲು, ನಿನ್ನ ನಿದ್ದೆ. ಅದರಲ್ಲಿ ಫಕೀರವ್ವನ ಹೆಸರು ಒಂದೇ ಸಲ ಇದೆ, ಅದೂ ಅವಳ ಮನೆಯ ಕಡೆಯಿಂದ ಯಾರು ಬರುತ್ತಾರೋ ಎಂಬ ನಿನ್ನ ಹೆದರಿಕೆಯಲ್ಲಿ. ಹೋದದ್ದು ನನ್ನ ನೌಕರಿ, ತಿರುಗಿ ಬಂತು. ಅವಳದು ಬರುತ್ತದೆಯೇ? ಮೂರು ತಾಸು ಮೊದಲು ಜೀಪು ಬಂದಿದ್ದರೆ ಕೂಸು ಉಳಿಯುತ್ತಿತ್ತೋ ಇಲ್ಲವೋ ನನಗೂ ಗೊತ್ತಿಲ್ಲ, ಯಾವ ಡಾಕ್ಟರಿಗೂ ಗೊತ್ತಿಲ್ಲ. ಆದರೆ ಆ ಮೂರು ತಾಸು ಎಲ್ಲಿ ಹೋದವೆಂದು ತಿಳಿಯುವ ಹಕ್ಕು ಎಲ್ಲರಿಗಿಂತ ಮೊದಲು ಅವಳದು. ನನಗೆ ಹೇಳಿದಿ, ಡಾಕ್ಟರಿಗೆ ಹೇಳಿದಿ, ಸಾಹೇಬರಿಗೆ ಹೇಳಿದಿ. ನೂರು ಹೆಜ್ಜೆಯ ಮೇಲೆ ಇರುವವಳಿಗೆ ಹೇಳಿಲ್ಲ.

ಈ ಕಾಗದ ಓದಿ ಮುಗಿಸಿ ಹೋಗು. ಮಡಚಿ ಇಡುವ ಮುಂಚೆ ಹೋಗು.

ಖಾಸಿಂಬಿ


ಹೊಸಬಾವಿ
೪ ಏಪ್ರಿಲ್ ೧೯೮೭

ಖಾಸಿಂಬಿ,

ಶನಿವಾರದ ಮುಂಜಾನೆ ಶಾಲೆ ಬಿಡುವ ಹೊತ್ತಿಗೆ ನಿನ್ನ ಕಾಗದ ಬಂತು. ಅಲ್ಲೇ ನಿಂತು ಓದಿ, ಹಿಡಿದುಕೊಂಡೇ ಹೋದೆ. ಎಂಟು ತಿಂಗಳಿಂದ ಆ ಓಣಿಯನ್ನು ಬಿಟ್ಟು ಕೆರೆಯ ದಂಡೆಯಿಂದ ಸುತ್ತು ಹಾಕಿ ಮನೆಗೆ ಹೋಗುತ್ತಿದ್ದವಳು ನಾನು.

ಕುಬೇರಪ್ಪ ಹೊಲಕ್ಕೆ ಹೋಗಿದ್ದ. ಫಕೀರವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ‘ಬರ್ರಿ ಅಕ್ಕೋರ, ಅಪರೂಪ ಆದ್ರಿ’ ಎಂದು ತನ್ನ ಬಾಜೂಕೆ ಜಾಗ ಮಾಡಿದಳು. ಅತ್ತೆ ಸಾವಿತ್ರೆವ್ವ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

ನಾನು ಕೂಡುವ ಮೊದಲೇ ಹೇಳಿದೆ. ‘ಫಕೀರವ್ವಾ, ಅವತ್ತ ನರ್ಸಬಾಯಿ ತಡಾ ಮಾಡಿದ್ದಿಲ್ಲ. ಹನ್ನೆರಡಕ್ಕ ಚೀಟಿ ನನ್ನ ಕೈಯಾಗ ಕೊಟ್ಟಿದ್ಲು. ಬಸ್ಸಿಗೆ ಕೊಡದ ಕೂತಾಕಿ ನಾನು. ಜೀಪು ತಡ ಆದದ್ದು ನನ್ನಿಂದ.’

ಮೊರ ಆಡಿಸುವುದು ನಿಂತಿತು. ಅವಳು ನನ್ನ ಮುಖ ನೋಡುತ್ತ ಕೂತಳು. ಬೈಯುತ್ತಾಳೆ, ಮೊರ ಎತ್ತಿ ಹೊಡೆಯುತ್ತಾಳೆ ಎಂದುಕೊಂಡೆ. ಹಾಗಾದರೂ ಆಗಿದ್ದರೆ ಚೆನ್ನಾಗಿತ್ತು.

‘ಖರೇ ಹೇಳಾಕ ಬಂದೀರಿ ಅಂದ್ರ ಅಕ್ಕೋರ, ನಂದೊಂದಕ್ಕೂ ಖರೇ ಹೇಳ್ರಿ,’ ಅಂದಳು. ‘ಅದು ಗಂಡಿತ್ತೋ, ಹೆಣ್ಣಿತ್ತೋ?’

‘ಯಾರೂ ಹೇಳಿಲ್ಲೇನವಾ ನಿನಗ?’ ಅಂದೆ.

‘ನನಗ ಎಚ್ಚರ ಆಗೂದ್ರಾಗ ಮಣ್ಣು ಮಾಡಿ ಬಂದಿದ್ರು. ದವಾಖಾನ್ಯಾಗ ಕೇಳಿದೆ, ಮನಿಗೆ ಹೋದಮ್ಯಾಲ ಹೇಳತೇವಿ ಅಂದ್ರು. ಮನ್ಯಾಗ ಕೇಳಿದೆ, ಮೈ ಗಟ್ಟಿಯಾಗಲಿ ಅಂದ್ರು. ದೀಪಾವಳಿಗೆ ಕೇಳಿದೆ, ಹಬ್ಬದಾಗ ಅದ್ಯಾಕ ಅಂದ್ರು. ಈಗ ಕೇಳಿದ್ರ, ಮುಂದಿಂದು ಬರಲಿ ಬಿಡು, ಹಳೇದ ಯಾಕ ಕೆದಕತಿ ಅಂತಾರ. ಕನಸಿನ್ಯಾಗ ಬರತೈತ್ರಿ, ಬೆನ್ನ ಮಾಡಿ ಮಲಗಿರತೈತಿ. ಏನಂತ ಕರೀಲಿ ಅದಕ್ಕ?’

ಆ ಸಂಜೆ ದವಾಖಾನೆಯಿಂದ ಬಂದು ನೀನು ನನಗೆ ಹೇಳಿದ್ದೆ. ಊರಿಗೆಲ್ಲ ಗೊತ್ತಿತ್ತು. ಹಡೆದವಳಿಗೆ ಒಬ್ಬರೂ ಹೇಳಿರಲಿಲ್ಲ.

‘ಹೆಣ್ಣವಾ,’ ಅಂದೆ.

ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಸೆರಗಿನ ಮೇಲಿನ ಹೊಟ್ಟು ಝಾಡಿಸಿಕೊಂಡು ಎದ್ದು, ಬಾಗಿಲಿಗೆ ಹೋಗಿ ಎರಡೂ ಚೌಕಟ್ಟು ಹಿಡಿದು ನಿಂತಳು. ಆ ಹುಡುಗಿಗೆ ಅಂಥ ದನಿಯಿದೆಯೆಂದು ನನಗೆ ಗೊತ್ತಿರಲಿಲ್ಲ.

‘ಅತ್ತೀ! ಹೆಣ್ಣಂತ! ನನ್ನ ಕೂಸು ಹೆಣ್ಣಂತ! ಇಷ್ಟ ಹೇಳಾಕ ಈ ಮನ್ಯಾಗ ಒಬ್ಬರಿಗೂ ಎಂಟು ತಿಂಗಳು ಸಾಲಲಿಲ್ಲೇನ್ರಿ?’

ರೊಟ್ಟಿಯ ಸಪ್ಪಳ ನಿಂತಿತು. ಸಾವಿತ್ರೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ನನ್ನನ್ನೂ ಸೊಸೆಯನ್ನೂ ನೋಡಿದಳು. ಬಾಜು ಮನೆಯವರೂ ಹೊರಗೆ ಬಂದರು. ನಾನು ಮೆಲ್ಲಗೆ ಏಳಹೊರಟೆ. ಫಕೀರವ್ವ ತಿರುಗಿ ನನ್ನ ಕಡೆ ನೋಡಿದಳು. ಮುಖವೆಲ್ಲ ತೊಯ್ದಿತ್ತು, ದನಿ ಮಾತ್ರ ಗಟ್ಟಿಯಿತ್ತು.

‘ನೀವು ಎಲ್ಲಿಗೆ ಹೊಂಟ್ರಿ? ಕುಂದರ್ರಿ. ಆ ಮೂರು ತಾಸಿಂದು ಇನ್ನೊಮ್ಮೆ ಹೇಳ್ರಿ. ಎಲ್ಲಾರೂ ಕೇಳಲಿ. ಮೊದಲಿಂದ ಹೇಳ್ರಿ.’

ಕೂತೆ. ಮೊದಲಿನಿಂದ ಹೇಳಿದೆ.

ಮಹಾದೇವಕ್ಕ